ಎಂತ ಆಯ್ತು ಅಂತ ಯಾರೂ ಕೇಳ್ಬೇಡಿ

ಮೊದಲೇ ಹೇಳಿಬಿಡ್ತೇನೆ, ಇದರಲ್ಲಿ ಮಗುವಿನ ಹೆಸರಿಲ್ಲ, ನಮ್ಮ ಊರಿನ ಹೆಸರಿಲ್ಲ, ಅದು ಗಂಡಾ ಹೆಣ್ಣಾ ಅಂತಲೂ ಹೇಳುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಹಿಂಸೆಗೆ ಸಿಕ್ಕಿದ ಇಂಥ ಮಕ್ಕಳ ಗುರುತು ಸಿಗುವ ಹಾಗೆ ಬರೆಯುವ ಹಾಗಿಲ್ಲ. ಇದು ನನಗೆ ತಡವಾಗಿ ಗೊತ್ತಾದದ್ದು, ಗೊತ್ತಾಗುವ ಮೊದಲು ನಾನೇ ಒಂದು ದೊಡ್ಡ ತಪ್ಪು ಮಾಡಿ ಆಗಿತ್ತು, ಅದನ್ನೂ ಹೇಳ್ತೇನೆ. ತುಳುವಿನಲ್ಲಿ ಮಗುವಿಗೆ ಬಾಲೆ ಅಂತಾರೆ, ಗಂಡಾದ್ರೂ ಬಾಲೆಯೇ ಹೆಣ್ಣಾದ್ರೂ ಬಾಲೆಯೇ, ಹಾಗಾಗಿ ಬಾಲೆ ಅಂತಲೇ ಕರೀತೇನೆ. ಶುರುವಾಗುವಾಗ ಅದಕ್ಕೆ 8 ವರ್ಷ, ಮೂರನೇ ಕ್ಲಾಸು.

ನಾನು ಟೈಲರ್. ಕಾಸರಗೋಡಿನ ಉತ್ತರದ ಕಡೆ, ಗೇರು ಗುಡ್ಡೆ ಅಡಿಕೆ ತೋಟ ಅಂತ ಇರುವ ಜಾಗ, ದಿನಕ್ಕೆ ನಾಲ್ಕು ಸಲ ಬಸ್ಸು. ಜಗಲಿಯಲ್ಲೇ ಮಿಷನ್ ಇಟ್ಟುಕೊಂಡಿದ್ದೇನೆ. ಮೇ ಕಡೆಯಿಂದ ಜೂನ್ ಅರ್ಧದವರೆಗೆ ನನಗೆ ಊಟಕ್ಕೂ ಪುರುಸೊತ್ತಿಲ್ಲ, ಯಾಕಂದ್ರೆ ಇಲ್ಲಿ ಸರ್ಕಾರಿ ಶಾಲೆಯ ಸಣ್ಣ ಮಕ್ಕಳಿಗೆ ಯೂನಿಫಾರ್ಮಿನ ಕೈಮಗ್ಗದ ಬಟ್ಟೆ ಸರ್ಕಾರ ಕೊಡ್ತದೆ, ಎಲ್ಲರೂ ಬಟ್ಟೆ ಹಿಡ್ಕೊಂಡು ಒಟ್ಟಿಗೇ ಬರುದು, ಎಲ್ಲರಿಗೂ ನಾಳೆಯೇ ಆಗ್ಬೇಕು. ಹಾಗೆ ಒಂದು ದಿನ ನಮ್ಮ ಓಣಿಯ ಬೀಡಿ ಕಟ್ಟುವ ಅಜ್ಜಿ ತನ್ನ ಮೊಮ್ಮಗುವನ್ನು ಕರ್ಕೊಂಡು ಬಂದ್ರು. ಬಾಲೆ ಇರುದು ಗುಡ್ಡೆಯ ಆಚೆ, ತಾಯಿ ಜೊತೆ. ಶನಿವಾರ ಅಜ್ಜಿ ಮನೆಗೆ ಬರ್ತದೆ. ನಾನು ಅಳತೆ ತೆಗಿಲಿಕ್ಕೆ ಅಂತ ಕುತ್ತಿಗೆಯಲ್ಲಿದ್ದ ಟೇಪನ್ನು ಸರ್ರಂತ ಎಳೆದೆ ನೋಡಿ, ಆ ಮಗು ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ಕೂತುಬಿಟ್ಟಿತು. ಕೂಗಲಿಲ್ಲ. ಕೂತದ್ದಷ್ಟೇ. ಬಗ್ಗಿ ಎಬ್ಬಿಸುವಾಗ ಮೊಣಕಾಲಿನ ಹಿಂದೆ ಬರೆಗಳು ಕಂಡವು, ಹಳೆಯದ್ದರ ಮೇಲೆ ಹೊಸತು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುದಿಲ್ಲ.

ಅಜ್ಜಿ ಹೇಳಿದ್ರು, ಅದಕ್ಕೆ ಹೆದರಿಕೆ ಜಾಸ್ತಿ ಮಾರಾಯ್ತಿ, ಅಳತೆ ಅಂಗಿ ತಂದು ಕೊಡ್ತೇನೆ ಅದನ್ನೇ ನೋಡಿ ಹೊಲಿ ಅಂತ. ಅವರ ಮುಖ ನೋಡಿದ್ರೆ ಅವರಿಗೆ ಅರ್ಧ ಗೊತ್ತುಂಟು, ಇನ್ನರ್ಧ ಗೊತ್ತಾಗುದು ಬೇಡ ಅಂತ ಇದ್ದಾರೆ.

ನಾನು ಆ ದಿವಸವೇ ಏನಾದ್ರೂ ಮಾಡಿದೆ ಅಂತ ಬರೆದ್ರೆ ಸುಳ್ಳಾಗ್ತದೆ. ಎರಡು ದಿನ ಸುಮ್ಮನಿದ್ದೆ. ಗಂಡನ ಹತ್ರ ಹೇಳಿದ್ದಕ್ಕೆ ಅವರು, ನಾಳೆ ಪೊಲೀಸು ಕೋರ್ಟು ಅಂತ ತಿರುಗುದು ಯಾರು, ನೀನಾ ಅಂತ ಕೇಳಿದ್ರು. ಮಕ್ಕಳ ವಿಷಯ ತಿಳಿದಿರಬೇಕಾದ ಒಬ್ಬರ ಹತ್ರವೂ ಹೋದೆ, ಅವರು ಮನೆಯವರು ತಿದ್ದುದಲ್ವಾ ಅಂತ ಹೇಳಿ ಮಾತು ಮಳೆ ಕಡೆ ತಿರುಗಿಸಿದ್ರು. ಮೂರನೇ ದಿನ ಅಂಗನವಾಡಿ ಟೀಚರ್ ಬ್ಲೌಸಿಗೆ ಬಂದಿದ್ರು, ಅವರಿಗೆ ಹೇಳಿದೆ, ಅವರು ಕೈಯಲ್ಲಿದ್ದ ಬಟ್ಟೆ ಅಲ್ಲೇ ಇಟ್ಟು, ಮಕ್ಕಳ ಸಹಾಯವಾಣಿ 1098ಕ್ಕೆ ಈಗ ಫೋನ್ ಮಾಡ್ತೀಯಾ ಇಲ್ಲ ನಾನು ಮಾಡ್ಲಾ ಅಂತ ಕೇಳಿದ್ರು. ಟೀಚರ್ ಮಾಡಿದ್ರೆ ಅವರ ಕೆಲಸಕ್ಕೆ ತೊಂದರೆ ಆದೀತು ಅಂತ ನನಗೆ ತೋರಿತು (ಹಾಗೆ ಎಂತದ್ದೂ ಆಗುದಿಲ್ಲ, ಫೋನ್ ಮಾಡಿದವರ ಹೆಸರು ಅವರು ಹೊರಗೆ ಬಿಡುದಿಲ್ಲ). ಹಟ್ಟಿಯ ಹಿಂದೆ ಹೋಗಿ ನಾನೇ ಮಾಡಿದೆ. ಹಟ್ಟಿಯ ಹಿಂದೆ ಮಾತ್ರ ರೇಂಜ್ ಬರುದು.

ಫೋನ್ ತೆಗೆದವರು ಮಲಯಾಳಂ. ನಮ್ಮದು ಬಸ್ಸಿನ ಮಲಯಾಳಂ, ಟಿಕೆಟು ತೆಗೀಲಿಕ್ಕೆ ರೇಷನ್ ತರ್ಲಿಕ್ಕೆ ಸಾಕು, ಒಂದು ಮಗುವಿನ ನೋವು ಹೇಳ್ಲಿಕ್ಕೆ ಸಾಕಾಗುದಿಲ್ಲ ಅಂತ ಅವತ್ತು ಗೊತ್ತಾಯ್ತು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದ ಮೇಲೆ ಮೂರು ತಲೆಮಾರು ಆಯ್ತು, ಇಷ್ಟು ವರ್ಷ ಭಾಷೆ ಅಂದ್ರೆ ನನಗೆ ಬೋರ್ಡು, ಅರ್ಜಿ ಫಾರಂ, ಮಕ್ಕಳ ಪರೀಕ್ಷೆ ಇಷ್ಟೇ. ಆ ಹುಡುಗಿ ಮಾತ್ರ ತಾಳ್ಮೆಯವಳು, ಸಾರಮಿಲ್ಲ ಚೇಚಿ, ಮೆಲ್ಲೆ ಪರಞಾಲ್ ಮದಿ (ಪರವಾಗಿಲ್ಲ ಅಕ್ಕ, ಮೆಲ್ಲ ಹೇಳಿದ್ರೆ ಸಾಕು) ಅಂತ ಹೇಳಿದಳು. ಮೆಲ್ಲ ಹೇಳಿದೆ, ಅರ್ಧ ಕನ್ನಡದಲ್ಲೇ.

ಮರುದಿನ ಇಬ್ಬರು ಬಂದ್ರು, ಆಮೇಲೆ ಪೊಲೀಸಿನವರು, ಯೂನಿಫಾರ್ಮ್ ಇಲ್ಲದೆ ಬಂದಿದ್ರು, ಮಗು ಇರುವಲ್ಲಿಗೆ ಹಾಗೆಯೇ ಬರ್ಬೇಕಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ್ರು. ಇಂಥ ಮಗುವನ್ನು 24 ಗಂಟೆಯ ಒಳಗೆ, ದಾರಿಯ ಹೊತ್ತು ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡ್ಬೇಕು ಅಂತ ಕಾನೂನು, ಎಲ್ಲರೂ ಸಿಡಬ್ಲ್ಯುಸಿ ಅಂತಾರೆ. ವಾರ್ಡ್ ಮೆಂಬರ್, ಅಜ್ಜಿ, ಅಂಗನವಾಡಿ ಟೀಚರ್, ನಾನು ಒಂದೇ ಜೀಪಿನಲ್ಲಿ ಹೋದದ್ದು. ಕೋರ್ಟಿನ ಹಾಗೆ ಎತ್ತರದಲ್ಲಿ ಕೂತಿರ್ತಾರೆ ಅಂತ ಅಜ್ಜಿ ದಾರಿಯುದ್ದಕ್ಕೂ ನಡುಗಿದ್ರು, ನೋಡಿದ್ರೆ ಸಾಧಾರಣ ಮೇಜು, ಎತ್ತರದ ಕಟ್ಟೆ ಕಟಕಟೆ ಎಲ್ಲ ಇರ್ಲೇಬಾರದಂತೆ. ಸಮಿತಿಯಲ್ಲಿ ಅಧ್ಯಕ್ಷರು ಸೇರಿ 5 ಜನ, ಒಬ್ಬರಾದ್ರೂ ಹೆಂಗಸು ಬೇಕು, ಮ್ಯಾಜಿಸ್ಟ್ರೇಟರ ಅಧಿಕಾರ ಉಂಟು ಅವರಿಗೆ. ನನಗೆ ಅಲ್ಲಿ ನೆನಪಿರುದು, ಒಬ್ಬರು ಮಗುವಿನ ಹತ್ರ ಮೊದಲು ಕೇಳಿದ್ದು ಬೆಳಗ್ಗೆ ಎಂತ ತಿಂದದ್ದು ಅಂತ.

ಅದಕ್ಕಿಂತ ಮೊದಲು ಒಂದು ಕಡೆ ಹೇಳಿಕೆ ಬರೆದುಕೊಳ್ಳುವಾಗ ಒಂದು ಸಂಗತಿ ಆಯ್ತು, ಎಲ್ಲಿ ಅಂತ ಬೇಡ. ಬಾಲೆ ತಲೆ ತಗ್ಗಿಸಿ ಮೂರು ಸಲ ಪೆಟ್ಟು, ಪೆಟ್ಟು, ಪೆಟ್ಟು ಅಂತ ಹೇಳಿತು. ನಮ್ಮ ಕಡೆ ಕನ್ನಡದಲ್ಲೂ ತುಳುವಿನಲ್ಲೂ ಪೆಟ್ಟು ಅಂದ್ರೆ ಹೊಡೆತ, ಬೇರೆ ಅರ್ಥವೇ ಇಲ್ಲ. ಮಲಯಾಳಂನಲ್ಲಿ ಪೆಟ್ಟು ಅಂದ್ರೆ ಸಿಕ್ಕಿಬಿದ್ದೆ ಅಂತ. ಬರೆಯುವವರು ಎಲ್ಲಿ ಸಿಕ್ಕಿಬಿದ್ದದ್ದು, ಬಾಗಿಲಿನ ಒಳಗಾ ಅಂತ ಕೇಳ್ತಾ ಇದ್ದಾರೆ, ಬಾಲೆಗೆ ತಾನು ಹೇಳಿದ್ದನ್ನು ಇವರು ನಂಬುದಿಲ್ಲ ಅಂತ ಕಂಡಿತು ಅಂತ ತೋರ್ತದೆ, ಅಲ್ಲಿಗೆ ಬಾಯಿ ಮುಚ್ಚಿತು. ನಾನು ಎದ್ದು ಹೇಳಿದೆ, ಸಾರ್ ಅಡಿ, ಅಡಿ ಅಂತ ಹೇಳುದು ಮಗು (ಮಲಯಾಳಂನಲ್ಲಿ ಹೊಡೆತಕ್ಕೆ ಅಡಿ ಅಂತ). ಅವರು ಒಳ್ಳೆಯವರೇ, ಕೂಡಲೇ ಹೊಡೆದು ಹಾಕಿ ಸರಿ ಬರೆದ್ರು, ಭಾಷೆ ಗೊತ್ತಿರುವವರು ಒಬ್ಬರು ಬರದೆ ಮುಂದಿನದ್ದು ಬರೆಯುದಿಲ್ಲ ಅಂತ ಪೆನ್ನೂ ಕೆಳಗಿಟ್ರು. ಆದರೆ ಒಂದು ಅಕ್ಷರವೂ ವ್ಯತ್ಯಾಸ ಇಲ್ಲದ ಒಂದು ಶಬ್ದ ಮೇಜಿನ ಈಚೆಯಿಂದ ಆಚೆಗೆ ಹೋಗುವಷ್ಟರಲ್ಲಿ ಬೇರೆಯೇ ಆಗ್ತದೆ ನೋಡಿ. ಗಡಿ ಅಂತ ನಾವು ತಲಪಾಡಿಯಲ್ಲಿ ಉಂಟು ಅಂತ ತಿಳ್ಕೊಂಡಿದ್ದೇವೆ.

ನೋಡಿಕೊಳ್ಳಬೇಕಾದವರೇ ಮಗುವಿಗೆ ಹಿಂಸೆ ಕೊಟ್ರೆ 75ನೇ ಸೆಕ್ಷನ್, 3 ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷ ರೂಪಾಯಿ ದಂಡ, ಎರಡೂ ಆಗಬಹುದು. ಕೇಸಾಯ್ತು. ಹೊಡೀತಿದ್ದ ಆ ಮನುಷ್ಯ ಈ ಕಡೆ ಬರುವ ಹಾಗಿಲ್ಲ ಅಂತಾಯ್ತು. ಕೇಸಿನ ವಿಷಯ ಇಷ್ಟು ಸಾಕು, ಅದು ಅದರ ದಾರಿಯಲ್ಲಿ ಹೋಗ್ತಾ ಉಂಟು, ಎರಡು ವರ್ಷ ಆಯ್ತು ಇನ್ನೂ ಹೋಗ್ತಾ ಉಂಟು. ಮೊದಲ ಕೆಲವು ವಾರ ಬಾಲೆ ಮಕ್ಕಳ ಮನೆಯಲ್ಲಿತ್ತು. 15 ದಿನದ ಒಳಗೆ ಸಾಮಾಜಿಕ ತನಿಖಾ ವರದಿ ಆಗ್ಬೇಕು, ಅದಕ್ಕೆ ಒಬ್ಬರು ಅಜ್ಜಿ ಮನೆಗೆ ಬಂದು ಅಡುಗೆ ಕೋಣೆ, ಬಾವಿ, ಮಲಗುವ ಜಾಗ ಎಲ್ಲ ನೋಡಿ, ನಮ್ಮನ್ನೂ ಕೇಳಿ, ಹೋದ್ರು. ಅಜ್ಜಿಗೆ 63, ಬೀಡಿಯ ದುಡ್ಡು ಬಿಟ್ರೆ ಪೆನ್ಷನ್. ಸಾಕ್ತೀರಾ ಅಂತ ಕೇಳಿದ್ದಕ್ಕೆ ಅಜ್ಜಿ ನಮ್ಮ ಕಡೆ ಕೈ ತೋರಿಸಿ, ಇವರೆಲ್ಲ ಇದ್ದಾರಲ್ಲ ಅಂತ ಹೇಳಿಬಿಟ್ರು. ನಮ್ಮನ್ನು ಒಂದು ಮಾತು ಕೇಳಲೂ ಇಲ್ಲ! ಹಾಗೆ ನಾವು ಈ ವಿಷಯಕ್ಕೆ ಸೇರಿದ್ದು, ದೊಡ್ಡ ಮನಸ್ಸಿನಿಂದ ಎಂತ ಅಲ್ಲ.

ತಾಯಿ ಬಗ್ಗೆ. ಮೊದಲು ನನಗೆ ಅವಳ ಮೇಲೆ ಸಿಟ್ಟು ಎಷ್ಟಿತ್ತು ಅಂದ್ರೆ ಅವಳ ಬ್ಲೌಸ್ ಹೊಲಿಯುದಿಲ್ಲ ಅಂತ ವಾಪಸ್ ಕಳಿಸಿದ್ದೆ. ಆಮೇಲೆ ಅವಳ ಭುಜದ ಅಳತೆ ತೆಗೆಯುವ ಹೊತ್ತು ಬಂತು, ಅವಳಿಗೂ ಟೇಪು ಕಂಡ್ರೆ ಅದೇ ಕತೆ. ಅವಳು ಈಗ ಅಜ್ಜಿ ಮನೆಯಲ್ಲೇ ಇದ್ದಾಳೆ, ಮೂವರೂ ಒಟ್ಟಿಗೆ.

ಬಾಲೆ ಅಜ್ಜಿ ಮನೆಗೆ ಬಂದದ್ದು ಆಟಿ ತಿಂಗಳು, ಜಡಿಮಳೆ. ನಾವೆಲ್ಲ ಹಲಸಿನ ಗಟ್ಟಿ, ಪತ್ರೊಡೆ ಮಾಡ್ಕೊಂಡು ಹೋಗಿ ಒಟ್ಟಾದೆವು, ಪಾಪ ಪಾಪ ಅಂತ ತಲೆ ಸವರಿದೆವು, ಮಗು ಗೋಡೆಗೆ ಅಂಟಿಕೊಂಡು ನಿಂತಿತ್ತು. ಈಗ ನೆನೆಸಿದ್ರೆ ನಾಚಿಕೆ ಆಗ್ತದೆ. ನಾಲ್ಕು ದಿನದಲ್ಲಿ ಒಂದೊಂದೇ ಹೊರಗೆ ಬಂತು. ರಾತ್ರಿ ಹಾಸಿಗೆ ಒದ್ದೆ ಮಾಡ್ತದೆ. ತಿಂಡಿ ಕದ್ದು ಚಾಪೆಯ ಅಡಿಗೆ ಇಡ್ತದೆ, ಇರುವೆ ಬಂದು ಅಜ್ಜಿಗೆ ಕಚ್ಚಿ ಗೊತ್ತಾದದ್ದು. ಕರುವಿಗೆ ಕೋಲಿನಲ್ಲಿ ಹೊಡೀತದೆ, ಹೊಡೆದು ಅದರ ಕುತ್ತಿಗೆ ಹಿಡ್ಕೊಂಡು ಕೂರ್ತದೆ. ಬೈಕಿನ ಶಬ್ದ ಕೇಳಿದ್ರೆ ಸೌದೆ ಕೊಟ್ಟಿಗೆಗೆ ಓಡ್ತದೆ, ಎಂಕ್ ಪೋಡಿಗೆ ಆಪುಂಡು ಅಂತ ಅಜ್ಜಿಗೆ ಮಾತ್ರ ಹೇಳ್ತದೆ. ಮಂತ್ರವಾದಿಗೆ ತೋರಿಸಿ ಅಂತ ಕೆಲವರು, ಕೆಟ್ಟ ಬುದ್ಧಿ ಅಂತ ಕೆಲವರು.

ಈಗ ನನ್ನ ತಪ್ಪಿನ ವಿಷಯ. ನನ್ನ ತಂಗಿ ಪುತ್ತೂರಿನಲ್ಲಿ. ಅವಳ ಹತ್ರ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ, ಬರೆ ಎಲ್ಲಿ ಇತ್ತು, ಎಷ್ಟಿತ್ತು, ಎಂತದ್ರಲ್ಲಿ ಹೊಡೆದದ್ದು, ಬಿಡಿಬಿಡಿಯಾಗಿ. ಹೇಳುವಾಗ ಮನಸ್ಸು ಹಗುರ ಆಗ್ತದೆ ಅಂತ ಕಾಣ್ತಿತ್ತು, ಸ್ವಲ್ಪ ನಾನು ದೊಡ್ಡ ಕೆಲಸ ಮಾಡಿದೆ ಅಂತಲೂ ಇತ್ತು ಇರ್ಬೇಕು. ಅವಳು ಅತ್ತೆಗೆ ಹೇಳಿದಳು, ಅತ್ತೆಯ ತವರು ನಮ್ಮದೇ ಊರಿನ ಕಡೆ. ಒಂದು ಮನೆಯ ಭೂತಕೋಲದ ದಿನ, ಅಂಗಳ ತುಂಬ ಜನ, ಆ ಸಂಬಂಧದ ಒಬ್ಬ ಹೆಂಗಸು ಬಾಲೆಯನ್ನು ಹತ್ರ ಎಳೆದು, ಇದಾ ಆ ಮಗು ಅಂತ ಅಂಗಿ ಮೇಲೆ ಮಾಡಿ ನೋಡಿದ್ರು. ಕೆಟ್ಟವರಲ್ಲ ಅವರು. ಕಣ್ಣಲ್ಲಿ ನೀರಿತ್ತು.

11 ದಿನ ಬಾಲೆ ಮಾತಾಡ್ಲಿಲ್ಲ. ಅಜ್ಜಿ ಹತ್ರವೂ ಇಲ್ಲ. ಶಾಲೆಗೆ ಹೋಗ್ತದೆ ಬರ್ತದೆ, ಉಣ್ತದೆ, ಶಬ್ದ ಮಾತ್ರ ಇಲ್ಲ. ಆ 11 ದಿನ ನಾನು ಮಿಷನ್ ತುಳಿದದ್ದು ಹೇಗೆ ಅಂತ ನನಗೇ ಗೊತ್ತು.

ಅಷ್ಟರಲ್ಲಿ ಮೆಂಬರ್ ಅಲ್ಲಿ ಇಲ್ಲಿ ಫೋನ್ ಮಾಡಿ ತುಳು ಗೊತ್ತಿರುವ ಒಬ್ಬ ಕೌನ್ಸಿಲರ್ (ಆಪ್ತ ಸಲಹೆ ಕೊಡುವವರು) ಸಿಗುವ ಹಾಗೆ ಮಾಡಿದ್ರು. ಮೊದಲು ನೋಡಿದವರು ಒಳ್ಳೆಯವರೇ, ಮಲಯಾಳಂ ಮಾತ್ರ ಬರ್ತಿತ್ತು, ಮಧ್ಯೆ ಒಬ್ಬರು ಕೂತು ತಿರುಗಿಸಿ ಹೇಳುದು, ಮಗುವಿಗೆ ಅಲ್ಲಿ ಇಬ್ಬರು ದೊಡ್ಡವರನ್ನು ಸಹಿಸಬೇಕು. ಈ ಮೇಡಂ ಬಂದವರೇ ಬಾಲೆ ಹತ್ರ ಮಾತೇ ಆಡ್ಲಿಲ್ಲ, ಬೀಡಿ ಸೂಪು (ಎಲೆ ಇಡುವ ಮೊರ) ತೆಗೆದು ಅಜ್ಜಿ ಜೊತೆ ಎಲೆ ಕತ್ತರಿಸಿದ್ರು, ತಪ್ಪು ತಪ್ಪು ಕತ್ತರಿಸಿದ್ರು, ಬಾಲೆ ನೋಡಿ ನೋಡಿ ತಡೆಯದೆ ಕತ್ತರಿ ತೆಗೆದು ಸರಿ ಹೇಗೆ ಅಂತ ತೋರಿಸಿತು. ಮೊದಲ ದಿನ ಅಷ್ಟೇ. ಆಮೇಲೆ ನಮ್ಮನ್ನು ಕರೆದು ಹೇಳಿದ್ರು, ನೀವು ಮಗುವಿನ ಹತ್ರ ಎಂತ ಆಯ್ತು ಅಂತ ಕೇಳ್ತೀರಲ್ಲ, ಪ್ರತಿ ಸಲ ಅದಕ್ಕೆ ಇನ್ನೊಮ್ಮೆ ಆಗ್ತದೆ. ಹೇಳ್ಬೇಕಾದಲ್ಲಿ ಅದು ಹೇಳಿ ಆಗಿದೆ. ಅದಾಗಿ ಹೇಳಿದ್ರೆ ಕೇಳಿ, ನಂಬಿ, ನಿನ್ನ ತಪ್ಪಲ್ಲ ಅಂತ ಹೇಳಿ. ನೀವಾಗಿ ಕೇಳ್ಬೇಡಿ.

ಮೈಗೆ ಒಂದು ಬುದ್ಧಿ ಉಂಟು, ಅದು ತಲೆಗಿಂತ ಮೊದಲು ಓಡ್ತದೆ ಅಂತಲೂ ಹೇಳಿದ್ರು. ಕಲ್ಲು ತಿಂದ ನಾಯಿ ಎದುರು ನಾವು ಚಪ್ಪಲಿ ಸರಿಮಾಡ್ಲಿಕ್ಕೆ ಬಗ್ಗಿದ್ರೂ ಅದು ಓಡ್ತದಲ್ಲ, ಮಗುವನ್ನು ನಾಯಿಗೆ ಹೋಲಿಸಿದ್ದಕ್ಕೆ ಕ್ಷಮಿಸಿ, ನನಗೆ ತಲೆಗೆ ಹೋದದ್ದು ಹಾಗೆ. ಹಾಸಿಗೆ ಒದ್ದೆ, ತಿಂಡಿ ಬಚ್ಚಿಡುದು, ಕರುವಿಗೆ ಹೊಡೆಯುದು ಎಲ್ಲ ಕೊಬ್ಬಲ್ಲ, ಹೆದರಿಕೆಯೇ ಬೇರೆ ಬೇರೆ ವೇಷ ಹಾಕಿ ಬರುದು. ಬೈದ್ರೆ ಜಾಸ್ತಿ ಆಗ್ತದೆ, ಪಾಪ ಅಂದ್ರೂ ಜಾಸ್ತಿ ಆಗ್ತದೆ. ದಿನವೂ ಒಂದೇ ಹೊತ್ತಿಗೆ ಒಂದೇ ಥರ ನಡೆದ್ರೆ, ನಾಳೆ ಎಂತ ಅಂತ ಮೊದಲೇ ಗೊತ್ತಿದ್ರೆ, ಮುಟ್ಟುವ ಮೊದಲು ಹೇಳಿ ಮುಟ್ಟಿದ್ರೆ, ಆ ಮೈ ಮೆಲ್ಲ ಮೆಲ್ಲ ಕಾವಲು ಬಿಡ್ತದೆ. ಎಷ್ಟು ದಿನ ಬೇಕು ಅಂತ ಕೇಳಿದೆವು. ನಗಾಡಿದ್ರು.

ಆದಿತ್ಯವಾರದ ಅಯಲ್ಕೂಟದಲ್ಲಿ ಈ ವಿಷಯ ಇಟ್ಟೆ. ಗೊತ್ತಿಲ್ಲದವರಿಗೆ, ಕುಟುಂಬಶ್ರೀ ಅಂತ ಕೇರಳ ಸರ್ಕಾರದ ಹೆಂಗಸರ ಯೋಜನೆ ಉಂಟು, ಅದರ ನೆರೆಕರೆ ಗುಂಪಿಗೆ ಅಯಲ್ಕೂಟ ಅಂತ ಹೇಳುದು, 10ರಿಂದ 20 ಹೆಂಗಸರು, ವಾರವಾರ ಉಳಿತಾಯದ ದುಡ್ಡು, ಸಾಲ, ಲೆಕ್ಕ, ಜಗಳ. ನಮ್ಮದರಲ್ಲಿ 14 ಜನ. ಕೋಲದ ದಿನದ್ದಕ್ಕೆ ಮೂಲ ನಾನೇ ಅಂತ ಮೊದಲು ಒಪ್ಪಿಕೊಂಡೆ, ಯಾರೂ ಸಮಾಧಾನ ಮಾಡ್ಲಿಲ್ಲ, ಸರಿಯೇ. ಒಬ್ಬಳು, ನಾವು ಎಲ್ಲ ಸುಮ್ಮನೆ ಇದ್ರೆ ಮಗುವಿಗೆ ಇವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ ಅಂತ ಆಗುದಿಲ್ವಾ ಅಂತ ಕೇಳಿದಳು. ಆಗ ಮೇಲಿನ ಮನೆಯ ಉಮ್ಮ ಬಾಯಿ ತೆಗೆದ್ರು, ಅವರು ಮೀಟಿಂಗಿನಲ್ಲಿ ವರ್ಷಕ್ಕೊಮ್ಮೆ ಮಾತಾಡುವವರು. ಅವರ ಒಬ್ಬ ಮಗ ಎಂಡೋಸಲ್ಫಾನ್ ವಿಷಕ್ಕೆ ತುತ್ತಾದವರ ಪಟ್ಟಿಯಲ್ಲಿದ್ದವನು, ಈಗ ಇಲ್ಲ. ಅವರು ಹೇಳಿದ್ದು ಇಷ್ಟೇ: ನನ್ನ ಮಗನನ್ನು ನೋಡ್ಲಿಕ್ಕೆ ಕ್ಯಾಮರಾದವರು ಎಷ್ಟು ಸಲ ಬಂದ್ರು ಲೆಕ್ಕ ಉಂಟಾ, ಪ್ರತಿ ಸಲ ಅಂಗಿ ತೆಗೆಸಿ ಅಂತಿದ್ರು, ಅವನು ಆ ಕಡೆ ಮುಖ ಮಾಡ್ತಿದ್ದ, ಮಾತು ಬಾರದಿದ್ರೂ ನಾಚಿಕೆ ಬರ್ತದೆ.

ಎಲ್ಲರೂ ಸುಮ್ಮನಾದ್ರು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ವಿಷ ಬಿಟ್ಟದ್ದು 2000ಕ್ಕೆ ನಿಂತದ್ದು, ಸುಪ್ರೀಂ ಕೋರ್ಟ್ ದೇಶಕ್ಕೇ ನಿಲ್ಲಿಸಿದ್ದು 2011ಕ್ಕೆ, ಅಷ್ಟರ ನಡುವೆ ಮತ್ತು ಆಮೇಲೂ ನಮ್ಮ ಮಕ್ಕಳ ಫೋಟೋ ಎಲ್ಲೆಲ್ಲಿಗೆ ಹೋಗಿದೆ ಅಂತ ನಮಗೇ ಗೊತ್ತಿಲ್ಲ. ಆ ಫೋಟೋಗಳಿಂದ ಉಪಕಾರವೂ ಆಗಿದೆ, ಇಲ್ಲ ಅಂತ ಹೇಳುದಿಲ್ಲ. ಆದರೆ ನೋಡಿಸಿಕೊಳ್ಳುದು ಎಂತ ಅಂತ ಈ ಊರಿಗೆ ಕಲಿಸ್ಬೇಕಾಗಿಲ್ಲ, ನೆನಪು ಮಾಡಿದ್ರೆ ಸಾಕಾಗ್ತದೆ. ಅವತ್ತಿನ ನೋಟ್ ಪುಸ್ತಕದಲ್ಲಿ ಸಾಲದ ಲೆಕ್ಕದ ಕೆಳಗೆ ಸೆಕ್ರೆಟರಿ ಬರೆದಳು, ಎಂತ ಆಯ್ತು ಅಂತ ಯಾರೂ ಕೇಳ್ಬೇಡಿ, ಹೊರಗಿನವರು ಕೇಳಿದ್ರೆ ಗೊತ್ತಿಲ್ಲ ಅನ್ನಿ. 14 ಸೈನು.

ಕೇಳುದು ಬಿಟ್ಟ ಮೇಲೆ ಮಾಡ್ಲಿಕ್ಕೆ ಎಂತ ಉಂಟು ಅಂತ ಆಯ್ತು. ಒಂದೊಂದಾಗಿ ಸಿಕ್ಕಿತು, ಪ್ಲಾನ್ ಮಾಡಿದ್ದೇನಲ್ಲ.

ಹಾಸಿಗೆಯದ್ದು ದೊಡ್ಡ ಸಮಸ್ಯೆ, ಆ ಮಳೆಯಲ್ಲಿ ಚಾದರ ಒಣಗುದು ಎಲ್ಲಿ, ಅಂಗಳದಲ್ಲಿ ಹಾಕಿದ್ರೆ ಓಣಿಗೆಲ್ಲ ಗೊತ್ತಾಗ್ತದೆ, ಶಾಲೆ ಮಕ್ಕಳು ತಮಾಷೆ ಮಾಡ್ತಾರೆ. ಕೆಳಗಿನ ಭಟ್ರ ತೋಟದಲ್ಲಿ ಅಡಿಕೆ ಒಣಗಿಸ್ಲಿಕ್ಕೆ ಪ್ಲಾಸ್ಟಿಕ್ ಹೊದೆಸಿದ ಚಪ್ಪರ ಉಂಟು. ಅಜ್ಜಿ ಒಂದು ದಿನ ಬೆಳಗ್ಗೆ ಬಕೆಟ್ ಹಿಡ್ಕೊಂಡು ಹೋಗಿ ನಿಂತ್ರು, ಭಟ್ರು ಬಕೆಟ್ ನೋಡಿದ್ರು, ಅಜ್ಜಿಯನ್ನು ನೋಡಿದ್ರು, ಒಳಗೆ ಹೋಗಿ ಒಂದು ಹಗ್ಗ ತಂದು ಚಪ್ಪರದ ಹಿಂದಿನ ಮೂಲೆಯಲ್ಲಿ ಕಟ್ಟಿಕೊಟ್ರು. ಯಾಕೆ ಅಂತ ಕೇಳ್ಲಿಲ್ಲ. ಆ ಹಗ್ಗ ಇವತ್ತಿಗೂ ಅಲ್ಲೇ ಉಂಟು, ಈಗ ಅದರಲ್ಲಿ ಭಟ್ರ ಪಂಚೆ.

ತಿಂಡಿ ಬಚ್ಚಿಡುದಕ್ಕೆ ಮೇಡಂ ಹೇಳಿದ ಉಪಾಯ, ಮಗುವಿನ ಕೈಗೆ ಎಟಕುವಲ್ಲಿ ಅದರದ್ದೇ ಒಂದು ಡಬ್ಬಿ ಇಡಿ, ಅದು ಖಾಲಿ ಆಗ್ಲಿಕ್ಕೆ ಬಿಡ್ಬೇಡಿ, ಎಷ್ಟು ತಿಂದೆ ಅಂತ ಲೆಕ್ಕ ಕೇಳ್ಬೇಡಿ. ಹಳೆಯ ಹಾರ್ಲಿಕ್ಸ್ ಬಾಟ್ಲಿ. ಅಯಲ್ಕೂಟದವರು ಪಾಳಿಯಲ್ಲಿ ತುಂಬಿಸುದು ಅಂತಾಯ್ತು. ಹಪ್ಪಳ, ಉಂಡ್ಲಕಾಳು, ಉಮ್ಮನ ಮನೆಯ ತರಿ ಉಂಡೆ, ಒಬ್ಬಳು ಮಾತ್ರ ತನ್ನ ಪಾಳಿಗೆ ಯಾವಾಗಲೂ ಅಂಗಡಿಯ ಮಿಕ್ಸ್ಚರ್, ಅದಕ್ಕೊಂದು ಜಗಳವೂ ಆಯ್ತು ಮೀಟಿಂಗಿನಲ್ಲಿ. ಬಾಲೆಗೆ ಎಲ್ಲದಕ್ಕಿಂತ ಆ ಮಿಕ್ಸ್ಚರೇ ಇಷ್ಟ ಅಂತ ಆಮೇಲೆ ಗೊತ್ತಾಯ್ತು. ಮೊದಲ ತಿಂಗಳು ಬಾಟ್ಲಿಯೂ ಖಾಲಿ ಆಗ್ತಿತ್ತು, ಚಾಪೆ ಅಡಿಯಲ್ಲೂ ಇರ್ತಿತ್ತು. ಕಾರ್ತಿಕದ ಹೊತ್ತಿಗೆ ಚಾಪೆ ಅಡಿ ಇರುವೆ ಇಲ್ಲ. ನಾನು ಒಂದು ಸಂಜೆ ಹೋಗಿದ್ದೆ, ಬಾಲೆ ಬಾಟ್ಲಿ ತೆಗೆದು ಹಪ್ಪಳದ ಅರ್ಧ ತುಂಡು ಮುರಿದು ನನಗೆ ಕೊಟ್ಟಿತು. ಮೆತ್ತಗಾಗಿತ್ತು ಹಪ್ಪಳ. ತಿಂದೆ.

ಬೈಕಿನ ವಿಷಯ ಹುಡುಗರದ್ದು. ನಮ್ಮ ಓಣಿ ಇಳಿಜಾರು, ಮೇಲಿನ ರಸ್ತೆಯಿಂದ ತಿರುಗುವಲ್ಲಿ ಒಂದು ಮುರ ಕಲ್ಲಿನ ಕಟ್ಟೆ. ಆ ಮನುಷ್ಯನಿಗೆ ಬೈಕ್ ಇತ್ತು, ರಾತ್ರಿ ಅದು ಮನೆಗೆ ಬರುವ ಶಬ್ದ ಕೇಳಿದ್ರೆ ಬಾಲೆಗೆ ಮುಂದಿನದ್ದು ಎಂತ ಅಂತ ಗೊತ್ತಿತ್ತು, ಹಾಗಾಗಿ ಓಡುದು. ಕ್ಲಬ್ಬಿನ ಹುಡುಗರಿಗೆ ನಾನು ಇಷ್ಟೇ ಹೇಳಿದ್ದೆ, ಮಗುವಿಗೆ ಬೈಕಿನ ಶಬ್ದ ಆಗುದಿಲ್ಲ ಅಂತ. ಆ ಹುಡುಗರು, ನೆಟ್ಟಗೆ ಒಂದು ಮಾತು ಕೇಳದವರು, ಸೈಲೆನ್ಸರ್ ತೆಗೆದು ಓಡಿಸುವವರು, ಕಟ್ಟೆಯ ಹತ್ರ ಎಂಜಿನ್ ಆಫ್ ಮಾಡಿ ಹಾಗೇ ಇಳಿಜಾರಿನಲ್ಲಿ ಬಿಟ್ಕೊಂಡು ಬರ್ಲಿಕ್ಕೆ ಶುರು ಮಾಡಿದ್ರು. ರಾತ್ರಿ ಹತ್ತು ಗಂಟೆಗೂ. ಹೊರಗಿನಿಂದ ಬರುವ ಮೀನಿನವನಿಗೂ ಅವರೇ ಹೇಳಿದ್ರು, ಅವನು ಹಾರ್ನ್ ಬಿಟ್ಟು ಕೂಗ್ಲಿಕ್ಕೆ ತೊಡಗಿದ. ಟಯರಿನ ಶಬ್ದ ಮಾತ್ರ, ಕಲ್ಲಿನ ಮೇಲೆ ಕರಕರ ಅಂತ, ಹಾದು ಹೋಗ್ತದೆ. ಮೊದಲು ಆ ಕರಕರಕ್ಕೂ ಬಾಲೆ ಎದ್ದು ನಿಲ್ತಿತ್ತು, ಓಡ್ತಿರಲಿಲ್ಲ. ಆರು ತಿಂಗಳು ಕಳೆದ ಮೇಲೆ ಇರ್ಬೇಕು, ಒಂದು ದಿನ ಗೇಟಿನ ಹತ್ರ ನಿಂತು ಒಬ್ಬನನ್ನು ಕೇಳಿತಂತೆ, ಅಣ್ಣಾ ನಿಮಗೆಲ್ಲ ಪೆಟ್ರೋಲಿಗೆ ದುಡ್ಡಿಲ್ವಾ ಅಂತ. ಅವನು ಇಲ್ಲ ಅಂತ ಹೇಳಿದ. ಮರುದಿನ ಬಾಲೆ ಬಾಟ್ಲಿಯ ಅಡಿಯಿಂದ ಐದು ರೂಪಾಯಿ ತಂದು ಕೊಟ್ಟಿದೆ, ಅವನು ತೆಗೊಂಡಿದ್ದಾನೆ. ಆ ನಾಣ್ಯ ಅವನ ಬೈಕಿನ ಟ್ಯಾಂಕ್ ಕವರಿನಲ್ಲಿ ಉಂಟು, ನಾನು ನೋಡಿದ್ದೇನೆ.

ಎಲ್ಲ ಸರಿ ಆಯ್ತು ಅಂತ ತಿಳ್ಕೊಳ್ಬೇಡಿ. ಕಳೆದ ವರ್ಷ ಕೋರ್ಟಿನಿಂದ ಒಂದು ಕಾಗದ ಬಂತು, ಆ ವಾರ ಹಾಸಿಗೆ ಮತ್ತೆ ಒದ್ದೆ, ಕರುವಿಗೆ (ಈಗ ಅದು ದನ) ಮತ್ತೆ ಕೋಲು. ಅಜ್ಜಿ ಅತ್ತರು, ಎಲ್ಲ ನೀರಿನಲ್ಲಿ ಹೋಮ ಅಂತ. ಮೇಡಮಿಗೆ ಫೋನ್ ಮಾಡಿದ್ರೆ, ವಾಪಸ್ ಹೋದದ್ದಲ್ಲ, ಮೈಗೆ ನೆನಪಾದದ್ದು, ಮೊದಲು ಎಷ್ಟು ದಿನ ಬೇಕಾಗಿತ್ತು ಈಗ ಎಷ್ಟು ದಿನ ನೋಡಿ ಅಂತ ಹೇಳಿದ್ರು. ಲೆಕ್ಕ ಇಟ್ಟೆ, 6 ದಿನ. ಶಾಲೆಯಲ್ಲಿ ಗಣಿತದ ಹೊಸ ಮಾಷ್ಟ್ರು ಅಡಿಕೋಲು ಮೇಜಿಗೆ ಬಡಿದ್ರೆ ಈಗಲೂ ಕಣ್ಣು ಮುಚ್ಚಿಕೊಳ್ತದೆ ಅಂತ ಅದರ ಪಕ್ಕ ಕೂರುವ ಮಗು ಹೇಳಿದೆ, ನಮಗೆ ಹೇಳ್ಲಿಲ್ಲ, ಮಾಷ್ಟ್ರಿಗೇ ಹೇಳಿದೆ. ಬಾಲಸಭೆಯಲ್ಲಿ (ಕುಟುಂಬಶ್ರೀಯ ಮಕ್ಕಳ ಗುಂಪು) ಆಟಕ್ಕೆ ಸೇರ್ತದೆ, ಕಣ್ಣಿಗೆ ಬಟ್ಟೆ ಕಟ್ಟುವ ಆಟಕ್ಕೆ ಸೇರುದಿಲ್ಲ. ಮಕ್ಕಳು ಆ ಆಟ ಆಡುದನ್ನೇ ಬಿಟ್ಟಿದ್ದಾರೆ, ಯಾರು ಹೇಳಿ ಬಿಟ್ಟದ್ದು ಅಂತ ಗೊತ್ತಿಲ್ಲ.

ಮುಂದಿನ ತಿಂಗಳು ಕೋರ್ಟಿನಲ್ಲಿ ಬಾಲೆಯ ಹೇಳಿಕೆ ಉಂಟು. ಜೀಪಿನಲ್ಲಿ ಯಾರು ಹೋಗುದು ಅಂತ ಅಯಲ್ಕೂಟದಲ್ಲಿ ಕೇಳಿದ್ರೆ 9 ಕೈ ಎದ್ದಿತು, ಜೀಪಿನಲ್ಲಿ ಅಷ್ಟು ಜಾಗ ಇಲ್ಲ. ಯಾರು ಬರ್ಬೇಕು ಅಂತ ಬಾಲೆಯನ್ನೇ ಕೇಳಿದೆವು. ಅಜ್ಜಿ, ಅಮ್ಮ, ಮತ್ತೆ ಆ ಐದು ರೂಪಾಯಿಯ ಹುಡುಗ. ನನ್ನ ಹೆಸರು ಬರ್ಲಿಲ್ಲ, ಸ್ವಲ್ಪ ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಭಾಷೆ ತಿರುಗಿಸುವವರು ಬೇಕು ಅಂತ ಮೊದಲೇ ಬರೆದು ಕೊಟ್ಟಿದ್ದೇವೆ.

ಎರಡು ವರ್ಷ ನಾನು ಬಾಲೆಯ ಯೂನಿಫಾರ್ಮನ್ನು ಅಳತೆ ಅಂಗಿ ನೋಡಿಯೇ ಹೊಲಿದದ್ದು, ಒಂದಿಂಚು ಅಂದಾಜಿಗೆ ಜಾಸ್ತಿ ಹಾಕಿ. ಈ ಜೂನಿನಲ್ಲಿ ಬಟ್ಟೆ ಹಿಡ್ಕೊಂಡು ತಾನೊಂದೇ ಬಂತು, ಅಳತೆ ಅಂಗಿ ತರ್ಲಿಲ್ಲ. ಎಲ್ಲಿ ಅಂತ ಕೇಳಿದ್ದಕ್ಕೆ, ಅದು ಬಿಗಿ ಆಗ್ತದೆ ಮಾಮಿ, ಟೇಪು ನನಗೆ ಕೊಡಿ, ನೀವು ನಂಬರ್ ಬರೀರಿ. ಕೊಟ್ಟೆ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಒಂದೊಂದೇ ಹಿಡಿದು ಗಟ್ಟಿಯಾಗಿ ಹೇಳಿತು, ಭುಜ, ಎದೆ, ತೋಳು. ತೋಳಿನ ನಂಬರ್ ತಪ್ಪು ಅಂತ ನನಗೆ ನೋಡುವಾಗಲೇ ಗೊತ್ತಾಯ್ತು, ಮೂರು ಇಂಚು ಜಾಸ್ತಿ. ಹೇಳಿದ್ದನ್ನೇ ಬರೆದುಕೊಂಡೆ, ಹಾಗೇ ಹೊಲಿದೆ. ಈಗ ತೋಳು ಎರಡು ಮಡಿಕೆ ಮಡಚಿ ಶಾಲೆಗೆ ಹೋಗ್ತಾ ಉಂಟು, ಟೀಚರ್ ಕೇಳಿದ್ರೆ ಟೈಲರ್ ಮಾಮಿಗೆ ಸರಿ ಹೊಲಿಲಿಕ್ಕೆ ಬರುದಿಲ್ಲ ಅಂತ ಹೇಳಿದೆಯಂತೆ.